ಬರಿಗೈಯವಳಿಗೆ ಸಿಕ್ಕಿದ ಗರಗಸ

ಎರಡನೇ ದೊಡ್ಡ ಯುದ್ಧ ಮುಗಿದ ಮರುವರ್ಷ. ಮಂಗಳೂರು ಬಂದರಿನ ಹಿಂದೆ ಒಂದು ಪೆಟ್ಟಿಗೆ ಕಾರ್ಖಾನೆ ಇತ್ತು. ನಾನು ಅಲ್ಲಿ ಮೊಳೆ ಹೊಡೆಯುವ ಹೆಂಗಸು. ಗೇರುಬೀಜದ ತಿರುಳನ್ನು ತಗಡಿನ ಡಬ್ಬಿಗೆ ತುಂಬಿ, ಆ ಡಬ್ಬಿಗಳನ್ನು ಮರದ ಪೆಟ್ಟಿಗೆಯಲ್ಲಿಟ್ಟು ಹಡಗಿಗೆ ಹಾಕುತ್ತಿದ್ದರು. ಆ ಪೆಟ್ಟಿಗೆ ಮಾಡುವುದು ನಮ್ಮ ಕೆಲಸ. ಗಂಡಸರು ಹಲಗೆ ಕೊಯ್ಯುವುದು, ಹೆಂಗಸರು ನೆಲದಲ್ಲಿ ಕೂತು ಮೊಳೆ ಹೊಡೆಯುವುದು. ಉರ್ವದಿಂದ ಬೆಳಿಗ್ಗೆ ನಡೆದು ಬಂದು ಕೂತರೆ ಸಂಜೆಗೆ ಏಳುವುದು. ಹೆಬ್ಬೆರಳಿನ ಉಗುರು ವರ್ಷವಿಡೀ ಕಪ್ಪು. ನನ್ನ ಹೆಸರು ಸೇಸಮ್ಮ. ಕಾರ್ಖಾನೆಯ ದಣಿಗಳ ಬಾಯಲ್ಲಿ ಮಾತ್ರ "ಏ ಸೇಸು". ನಾವೆಲ್ಲ ಆಡುತ್ತಿದ್ದದ್ದು ತುಳು. ಇಲ್ಲಿ ಕನ್ನಡದಲ್ಲಿ ಬರೆದಿದ್ದೇನೆ.

ಆ ವರ್ಷ ಮಿಲಿಟರಿಯವರು ಬೇಡವೆಂದು ಮಾರಿದ ಸಾಮಾನಿನಿಂದ ದಣಿಗಳು ಒಂದು ಮಿಶನ್ ತರಿಸಿದರು. ರೇಡಿಯಲ್ ಆರ್ಮ್ ಸಾ ಎಂದು ಅದರ ಹೆಸರು. ನಾವು ತೋಳುಗರಗಸ ಎಂದೆವು. ಅದನ್ನು ಜೋಡಿಸಲು ಐತಪ್ಪ ಮೇಸ್ತ್ರಿ ಬಂದರು. ಯುದ್ಧದ ಕಾಲದಲ್ಲಿ ಮಿಲಿಟರಿ ವರ್ಕ್‌ಶಾಪಿನಲ್ಲಿ ಇದ್ದವರು. ಮಾತು ಕಡಿಮೆ, ಬೈಗುಳ ಜಾಸ್ತಿ.

ಮಿಶನ್ ಹೇಗಿತ್ತು ಎಂದು ಹೇಳಿಬಿಡುತ್ತೇನೆ. ಹಿಂದೆ ಒಂದು ಕಬ್ಬಿಣದ ಕಂಬ. ಕಂಬದ ತಲೆಯಿಂದ ಮೇಜಿನ ಮೇಲೆ ಚಾಚಿದ ಒಂದು ತೋಳು. ತೋಳಿನ ಕೆಳಗೆ ಮೋಟಾರು ಜೋತುಬಿದ್ದಿದೆ, ಮೋಟಾರಿಗೆ ದುಂಡು ಗರಗಸ. ಹಲಗೆಯನ್ನು ಮೇಜಿನ ಮೇಲಿಟ್ಟು ಹಿಂದಿನ ಪಟ್ಟಿಗೆ ಒತ್ತಿ ಹಿಡಿಯಬೇಕು. ಆ ಪಟ್ಟಿಗೆ ಫೆನ್ಸ್ ಎನ್ನುತ್ತಾರೆ. ಆಮೇಲೆ ಹಿಡಿಯನ್ನು ಹಿಡಿದು ಗರಗಸವನ್ನು ನಮ್ಮ ಕಡೆಗೆ ತಂದರೆ ಹಲಗೆ ಅಡ್ಡಕ್ಕೆ ತುಂಡಾಗುತ್ತದೆ.

ಜೋಡಿಸಿದ್ದು ಬೇಗ ಆಯಿತು, ಸರಿ ಮಾಡಿದ್ದು ಬೇಗ ಆಗಲಿಲ್ಲ. ಮೊದಲು ತೋಳನ್ನು ಮೇಜಿನ ಆಚೆಗೂ ಈಚೆಗೂ ತಿರುಗಿಸಿ, ಎಲ್ಲ ಮೂಲೆಯಲ್ಲೂ ಮೇಜು ಒಂದೇ ಎತ್ತರದಲ್ಲಿ ಉಂಟೋ ಎಂದು ನೋಡಿದರು. ತಗ್ಗಿದ ಕಡೆ ತೆಳು ತಗಡು ಕೊಟ್ಟು ಎತ್ತಿದರು. ಆಮೇಲೆ ಮೂಲೆ ನೇರ ಉಂಟೋ ಎಂದು ನೋಡುವ ಮೂಲೆಮಟ್ಟವನ್ನು ಫೆನ್ಸಿಗೆ ಒರಗಿಸಿ, ಮೋಟಾರು ಹಾಕದೆ ಗರಗಸವನ್ನು ಕೈಯಲ್ಲಿ ಮೆಲ್ಲಗೆ ಎಳೆದರು. ಗರಗಸದ ಒಂದು ಹಲ್ಲು ಮಟ್ಟದ ಅಂಚನ್ನು ಹಿಂದಿನಿಂದ ಮುಂದಿನವರೆಗೂ ಒಂದೇ ಸಮ ಸವರಿಕೊಂಡು ಬರಬೇಕು. ಬಂದ ಮೇಲೆ, ತೋಳು ಅತ್ತಿತ್ತ ಹೊರಳದ ಹಾಗೆ ಅದರ ಬಿಗಿಹಿಡಿಯನ್ನು ತಿರುಗಿಸಿ ಭದ್ರ ಮಾಡಿದರು. ಕೊನೆಗೆ ಒಂದು ಹಲಗೆ ಕೊಯ್ದು, ಎರಡು ತುಂಡಿನಲ್ಲಿ ಒಂದನ್ನು ಮಗುಚಿ, ಕೊಯ್ದ ಅಂಚಿಗೆ ಅಂಚು ಸೇರಿಸಿ ಬೆಳಕಿಗೆ ಹಿಡಿದರು. ಹೀಗೆ ಮಗುಚಿದರೆ ತಪ್ಪು ಇದ್ದದ್ದು ಎರಡರಷ್ಟಾಗಿ ಕಾಣುತ್ತದೆ.

"ನೂಲಿನಷ್ಟು ವ್ಯತ್ಯಾಸ ಬಂದರೂ ಪೆಟ್ಟಿಗೆ ಕುಂಟುತ್ತದೆ" ಎಂದರು. ಮರದ ಕೆಲಸದವರ ಲೆಕ್ಕದಲ್ಲಿ ನೂಲು ಎಂದರೆ ಇಂಚಿನ ಎಂಟನೇ ಒಂದು ಪಾಲು. ನಾನು ಮೊಳೆ ಹೊಡೆಯುವುದು ಬಿಟ್ಟು ನೋಡುತ್ತಿದ್ದೆ.

ಮೊದಲು ಗರಗಸ ಹಿಡಿದದ್ದು ನಮ್ಮ ಹಳೆಯ ಆಚಾರಿ. ನಮ್ಮ ಊರಿನ ಕೈಗರಗಸ ಎಳೆದಾಗ ಕೊಯ್ಯುವಂಥದ್ದು. ಆಚಾರಿ ಹುಟ್ಟಿದಾಗಿನಿಂದ ಎಳೆದವರು, ಇದನ್ನೂ ಜೋರಾಗಿ ಎಳೆದರು. ಆದರೆ ತೋಳುಗರಗಸದ ಹಲ್ಲು ಮರವನ್ನು ಕಚ್ಚಿಕೊಂಡು ತಾನೇ ನಮ್ಮ ಮೇಲೆ ಓಡಿ ಬರುತ್ತದೆ. ಅದು ಹಲಗೆಯ ಮೇಲೆ ಹತ್ತಿ, ಕಿರುಚಿ, ಅವರ ಹೊಟ್ಟೆಯ ಹತ್ತಿರ ಬಂದು ನಿಂತಿತು. ಆಚಾರಿ ಉಳಿದರು. ಆದರೆ ಮರುದಿನ ಕೆಲಸಕ್ಕೆ ಬರಲಿಲ್ಲ. ಬೇರೆ ಗಂಡಸರೂ ಹತ್ತಿರ ಹೋಗಲಿಲ್ಲ.

ಮೇಸ್ತ್ರಿ ಹೇಳಿದರು, "ಎಳೆದು ಅಭ್ಯಾಸ ಆದ ಕೈ ಇದಕ್ಕೆ ಬೇಡ. ಇದನ್ನು ಎಳೆಯುದಲ್ಲ, ತಡೆಯುದು. ಹೆಂಗಸರಲ್ಲಿ ಯಾರಾದರೂ ಬನ್ನಿ."

ನಾನು ಮೊದಲು ಎದ್ದೆ. ಮೇಸ್ತ್ರಿ ನನ್ನ ಮುಖ ನೋಡಲಿಲ್ಲ, ಕೈ ನೋಡಿದರು.

"ಬಳೆ ತೆಗಿ."

"ತೆಗೆಯುದು ಹೇಗೆ? ಗಂಡ ಉಂಟಲ್ಲ ನನಗೆ."

"ಗಂಡ ಇರಲಿ ಮಾರಾಯ್ತಿ. ಬಳೆಗೆ ಹಲ್ಲು ಸಿಕ್ಕಿದರೆ ಕೈಯೇ ಇರುದಿಲ್ಲ. ಬಳೆ, ಜೋತುಬಿದ್ದ ಸೆರಗು, ಉದ್ದ ತೋಳಿನ ರವಿಕೆ, ಯಾವುದೂ ಇಲ್ಲಿ ಆಗುದಿಲ್ಲ. ತೆಗಿ, ಇಲ್ಲದಿದ್ದರೆ ಹೋಗಿ ಮೊಳೆ ಹೊಡಿ."

ನನ್ನ ಗಂಡ ಬೊಂಬಾಯಿಗೆ ಹೋಗಿ ವರ್ಷಗಳಾಗಿದ್ದವು. ಅಲ್ಲಿ ಹೋಟೆಲಿನಲ್ಲಿದ್ದಾನೆ ಎಂದು ಊರಿಗೆ ಬಂದವರು ಹೇಳುತ್ತಿದ್ದರು, ಅವನು ಹೇಳುತ್ತಿರಲಿಲ್ಲ. ಅವನು ಇದ್ದಾನೆ ಎಂಬುದಕ್ಕೆ ನಮ್ಮ ಮನೆಯಲ್ಲಿದ್ದ ಒಂದೇ ಸಾಕ್ಷಿ ನನ್ನ ಕೈಯ ಗಾಜಿನ ಬಳೆ. ಅದನ್ನು ತೆಗೆದು ಬರಿಗೈ ಮಾಡಿಕೊಂಡರೆ ಗಂಡನನ್ನು ನಾನೇ ಕೊಂದ ಹಾಗೆ. ಮನೆಯಲ್ಲಿ ಅತ್ತೆ ಬೇರೆ ಇದ್ದಳು. ನಾನು ಹೋಗಿ ಮೊಳೆಯ ಮುಂದೆ ಕೂತೆ.

ಆಗ ಸೆರಫಿನ್ ಬಾಯಿ ಎದ್ದಳು. ಕೊಂಕಣಿ ಆಡುವ ಕಿರಿಸ್ತಾನ ಹೆಂಗಸು, ಅವರನ್ನು ಮರ್ಯಾದೆಗೆ ಬಾಯಿ ಎನ್ನುವುದು. ನನಗಿಂತ ಸ್ವಲ್ಪ ದೊಡ್ಡವಳು. ಗಂಡ ಹಿಂದಿನ ಮಳೆಗಾಲದಲ್ಲಿ ಜ್ವರದಿಂದ ಸತ್ತಿದ್ದ. ಅವರಲ್ಲಿಯೂ ಗಂಡ ಸತ್ತರೆ ಮದುವೆಯ ಬಳೆ ಒಡೆಯುತ್ತಾರೆ. ಅವಳ ಕೈ ಮೊಣಕೈಯವರೆಗೂ ಖಾಲಿ. ಮೇಸ್ತ್ರಿ ನೋಡಿ, "ಬನ್ನಿ ಬಾಯಿ" ಎಂದರು.

ಗಂಡ ಸತ್ತದ್ದಕ್ಕೆ ಅವಳಿಗೆ ಮಿಶನ್ ಸಿಕ್ಕಿತು, ಗಂಡ ಇದ್ದದ್ದಕ್ಕೆ ನನಗೆ ಸಿಗಲಿಲ್ಲ. ವಿಧವೆಯನ್ನು ನೋಡಿ ಹೊಟ್ಟೆಕಿಚ್ಚುಪಟ್ಟ ಮುತ್ತೈದೆ ಈ ಊರಿನಲ್ಲಿ ನಾನೊಬ್ಬಳೇ ಇರಬೇಕು.

ಅವಳು ಬೇಗ ಕಲಿತಳು. ಅದೂ ನನಗೆ ಉರಿಯಿತು. ಮೇಸ್ತ್ರಿ ಮೇಜಿನ ಮೇಲೆ ಗರಗಸ ಓಡುವ ದಾರಿಯ ಎಡಬಲಕ್ಕೆ ಕಾವಿಯಿಂದ ಕೆಂಪು ಗೆರೆ ಎಳೆದಿದ್ದರು. ಹಲಗೆ ಹಿಡಿದ ಎಡಗೈ ಆ ಗೆರೆ ದಾಟಬಾರದು. ಕೊಯ್ದಾದ ಮೇಲೆ ಗರಗಸವನ್ನು ಫೆನ್ಸಿನ ಹಿಂದಕ್ಕೆ ತಳ್ಳಿದ ನಂತರವೇ ತುಂಡನ್ನು ಮುಟ್ಟಬೇಕು. ಬಲಗೈಯನ್ನು ನೆಟ್ಟಗೆ ಗಟ್ಟಿ ಹಿಡಿದು, ಓಡಿ ಬರುವ ಗರಗಸವನ್ನು ತಡೆದು ತಡೆದು ತರಬೇಕು. ಅವಳು ಎಲ್ಲ ಹಾಗೆಯೇ ಮಾಡಿದಳು. ದಣಿಗಳು ಬಂದರೆ "ಬಾಯಿ, ಹೇಗುಂಟು?" ಎಂದು ನಿಂತು ಕೇಳುತ್ತಿದ್ದರು. ನಮ್ಮನ್ನು ದಾಟಿ ಹೋಗುವಾಗ "ಏ, ಕಾಲು ತೆಗೀರಿ."

ನಾನು ಅವಳ ತಪ್ಪು ಹುಡುಕಲು ಶುರು ಮಾಡಿದೆ. ಅವಳು ಕೊಯ್ದ ತುಂಡುಗಳು ಮೊಳೆ ಹೊಡೆಯಲು ನನ್ನ ಕಡೆಗೇ ಬರುತ್ತಿದ್ದವು. ಒಂದೊಂದನ್ನೂ ಮಗುಚಿ, ಇನ್ನೊಂದಕ್ಕೆ ಸೇರಿಸಿ, ಬೆಳಕಿಗೆ ಹಿಡಿದು ನೋಡುತ್ತಿದ್ದೆ. ಪಕ್ಕದಲ್ಲಿ ಕೂರುವ ಗಿರಿಜಾ ನಗುತ್ತಿದ್ದಳು.

"ಎಂತ ಸೇಸಕ್ಕ, ಹಲಗೆಗೆ ಹೆಣ್ಣು ನೋಡುದಾ?"

"ನಿನ್ನ ಮೊಳೆ ನೋಡು ನೀನು."

ತಪ್ಪು ಸಿಗಲಿಲ್ಲ. ಮಳೆಗಾಲದವರೆಗೂ ಸಿಗಲಿಲ್ಲ. ಮೊದಲ ಮಳೆ ಬಿದ್ದ ಮೇಲೆ ಹಸಿ ಮಾವಿನ ಹಲಗೆ ಬಂತು. ಹಸಿ ಮರ ಗರಗಸವನ್ನು ಹಿಡಿಯುತ್ತದೆ, ಮಿಶನ್ ಅದುರುತ್ತದೆ. ಆಗ ಒಂದು ದಿನ ನಾನು ಮಗುಚಿ ಹಿಡಿದ ತುಂಡುಗಳ ನಡುವೆ ಬೆಳಕು ಕಂಡಿತು. ಕೂದಲೆಳೆಯಷ್ಟು. ನನಗೆ ಹಬ್ಬ ಆಯಿತು. ಆಮೇಲೆ ಬಂದ ತುಂಡುಗಳಲ್ಲಿ ಇನ್ನೂ ಸ್ವಲ್ಪ. ಊಟ ಕಳೆದು ಬಂದವುಗಳಲ್ಲಿ ಅರ್ಧ ನೂಲು, ಜೊತೆಗೆ ಅಂಚಿನಲ್ಲಿ ಸುಟ್ಟ ಕಪ್ಪು ಗೆರೆ.

ಮೇಸ್ತ್ರಿಗೆ ತೋರಿಸಬೇಕೆಂದು ಎರಡು ತುಂಡು ಹಿಡಿದು ಎದ್ದೆ. ಅವಳು ಕೊಯ್ಯುತ್ತಿದ್ದಳು. ಅವಳ ಕಣ್ಣು ಹಲಗೆಯ ಮೇಲೆ. ನನ್ನ ಕಣ್ಣು ಎಂದಿನಂತೆ ಮಿಶನಿನ ಮೇಲೆ. ನನ್ನದಾಗಬೇಕಿದ್ದ ಮಿಶನ್ ಅದು, ಅದರ ಒಂದೊಂದು ಬೋಲ್ಟು ಎಲ್ಲಿ ಹೇಗೆ ಕೂತಿದೆ ಎಂದು ನನಗೆ ಗೊತ್ತು. ತೋಳಿನ ಬಿಗಿಹಿಡಿ ಯಾವಾಗಲೂ ಗೋಡೆಯ ಕಡೆ ಮುಖ ಮಾಡಿರುತ್ತಿತ್ತು. ಆ ದಿನ ಅದು ಎದುರಿಗೆ, ಬಂದರಿನ ನದಿಯ ಕಡೆ ತಿರುಗಿತ್ತು. ಅವಳು ಒಮ್ಮೆ ಗರಗಸ ತಂದಾಗ ಇನ್ನೂ ಸ್ವಲ್ಪ ಜಾರಿತು. ಅದುರಿ ಅದುರಿ ಸಡಿಲವಾಗಿತ್ತು. ಹಲಗೆಯ ನಡುವೆ ಗರಗಸ ಇರುವಾಗಲೇ ತೋಳು ಹೊರಳಿದರೆ ಗರಗಸ ಸಿಕ್ಕಿಕೊಂಡು ಆಚಾರಿಯ ಮೇಲೆ ಬಂದ ಹಾಗೆ ಬರುತ್ತದೆ, ಇಲ್ಲದಿದ್ದರೆ ಕೆಂಪು ಗೆರೆಯನ್ನು ಅದೇ ದಾಟಿ ಎಡಗೈಗೆ ಹೋಗುತ್ತದೆ.

ನಾನು ಕೂಗಲಿಲ್ಲ. ಗರಗಸ ಓಡುವಾಗ ಹಿಂದಿನಿಂದ ಯಾರೂ ಕೂಗಬಾರದು ಎಂದು ಮೇಸ್ತ್ರಿಯ ಕಟ್ಟಪ್ಪಣೆ. ಅವಳು ಗರಗಸವನ್ನು ಫೆನ್ಸಿನ ಹಿಂದಕ್ಕೆ ತಳ್ಳುವವರೆಗೆ ಕಾದೆ. ತಳ್ಳಿದ ಕೂಡಲೇ ಕಂಬದಲ್ಲಿದ್ದ ಸ್ವಿಚ್ ಕೆಳಗೆ ಎಳೆದೆ.

ಮೋಟಾರಿನ ಶಬ್ದ ಇಳಿಯುವ ಮೊದಲೇ ಅವಳು ತಿರುಗಿದಳು.

"ನಿನಗೆ ಯಾರು ಹೇಳಿದ್ದು ಸ್ವಿಚ್ ಮುಟ್ಟಲಿಕ್ಕೆ? ನಾನು ಮಿಶನಿಗೆ ಬಂದ ದಿನದಿಂದ ನೋಡ್ತಾ ಇದ್ದೇನೆ, ನಿನ್ನ ಹೊಟ್ಟೆಕಿಚ್ಚು!"

"ಹೊಟ್ಟೆಕಿಚ್ಚೇ ಬಾಯಿ. ಇಲ್ಲ ಅಂತ ಹೇಳಿದೆನಾ? ತೋಳು ಮುಟ್ಟಿ ನೋಡಿ."

ಕೆಲಸ ಬಿಟ್ಟು ಎಲ್ಲರೂ ನೋಡುತ್ತಿದ್ದರು. ಮೇಸ್ತ್ರಿ ಬಂದರು. ನನಗೆ ಬೈಯಲು ಬಾಯಿ ತೆರೆದವರು ತೋಳಿನ ತುದಿಗೆ ಒಂದು ಬೆರಳು ಇಟ್ಟರು. ತೋಳು ಬಾಗಿಲಿನ ಹಾಗೆ ಹೊರಳಿತು.

ಸೆರಫಿನ್ ಬಾಯಿ ತನ್ನ ಎಡಗೈಯನ್ನು ಮೇಜಿನಿಂದ ತೆಗೆದು ಸೆರಗಿನೊಳಗೆ ಇಟ್ಟುಕೊಂಡಳು. ಮೇಸ್ತ್ರಿ ಮೂಲೆಮಟ್ಟ ತಂದು ಮೊದಲಿನಿಂದ ಎಲ್ಲ ಸರಿ ಮಾಡಿದರು. ಬಿಗಿಹಿಡಿ ಜಾರದ ಹಾಗೆ ಒಳಗಿನ ಸವೆದ ವಾಷರ್ ಬದಲಾಯಿಸಿದರು. ಎದ್ದು ಹೋಗುವಾಗ ನನಗೆ ಹೇಳಿದ್ದು ಇಷ್ಟೇ, "ಕಣ್ಣು ಉಂಟು ನಿನಗೆ. ಮಿಶನಿಗೆ ಇನ್ನೊಬ್ಬಳು ಬೇಕು. ಆದರೆ ಬಳೆ ತೆಗೆಯಬೇಕು."

ಸಂಜೆ ಕೈ ತೊಳೆಯುವಲ್ಲಿ ಸೆರಫಿನ್ ಬಾಯಿ ನನ್ನ ಪಕ್ಕ ನಿಂತಳು. ಉಪಕಾರ ಆಯಿತು ಎನ್ನುತ್ತಾಳೆ ಎಂದುಕೊಂಡೆ. ಅವಳು ಹಾಗೆಂತದ್ದೂ ಹೇಳಲಿಲ್ಲ.

"ನಿನ್ನ ಬಳೆಯ ಶಬ್ದ ಕೇಳಿದರೆ ನನಗೆ ಮೈ ಉರೀತದೆ ಸೇಸು. ದಿನಾ. ಗೊತ್ತುಂಟಾ?"

"ನಿಮ್ಮ ಖಾಲಿ ಕೈ ನೋಡಿದರೆ ನನಗೂ ಉರೀತದೆ."

ಅವಳು ಕೈಗೆ ನೀರು ಸುರಿದುಕೊಂಡಳು. "ನನ್ನದನ್ನು ಪೆಟ್ಟಿಗೆಯ ಮೇಲೆ ಕುಟ್ಟಿ ಒಡೆದರು. ಸತ್ತವನ ಪೆಟ್ಟಿಗೆ. ಒಡೆಯುವಾಗ ಯಾರೂ ನನ್ನನ್ನು ಕೇಳಲಿಲ್ಲ. ನಿನ್ನನ್ನು ಕೇಳ್ತಿದ್ದಾರಲ್ಲ ಮಾರಾಯ್ತಿ. ಹೇಳು, ತೆಗೀತೀಯಾ ಇಲ್ವಾ?"

ಅಳಲಿಲ್ಲ ಅವಳು. ನಾನೂ ಸಮಾಧಾನ ಹೇಳಲಿಲ್ಲ. ಕೈಗೆ ಸಾಬೂನು ಹಚ್ಚಿದೆ. ಬಳೆಗಳು ಬಿಗಿಯಾಗಿದ್ದವು, ಒಂದೊಂದಾಗಿ ಜಾರಿಸಬೇಕಾಯಿತು. ಒಂದೂ ಒಡೆಯದ ಹಾಗೆ ಅವಳೇ ನನ್ನ ಹೆಬ್ಬೆರಳಿನ ಬುಡವನ್ನು ಒತ್ತಿ ಹಿಡಿದಳು. ಹೊಸ ಬಳೆ ಇಡಿಸುವಾಗ ಹಳೆಯದು ತೆಗೆದ ಕೈ ಖಾಲಿ ಇರಬಾರದೆಂದು ನಮ್ಮಲ್ಲಿ ಅರಸಿನದ ನೂಲು ಕಟ್ಟುವ ಕ್ರಮ ಉಂಟು. ಮರುದಿನ ಎರಡೂ ಮಣಿಕಟ್ಟಿಗೆ ಒಂದೊಂದು ಎಳೆ ನೂಲನ್ನು ಬಿಗಿಯಾಗಿ ಕಟ್ಟಿಕೊಂಡು ಹೋದೆ.

ಮೇಸ್ತ್ರಿ ಹುಬ್ಬು ಗಂಟು ಹಾಕಿದರು. "ಇದೆಂತ?"

ನಾನು ಹೇಳುವ ಮೊದಲೇ ಸೆರಫಿನ್ ಬಾಯಿ ನನ್ನ ಕೈ ಹಿಡಿದು ನೂಲನ್ನು ಉಗುರಿನಿಂದ ಎಬ್ಬಿಸಲು ನೋಡಿದಳು. ಏಳಲಿಲ್ಲ. "ಚರ್ಮಕ್ಕೆ ಅಂಟಿದೆ ಮೇಸ್ತ್ರಿ. ಹಲ್ಲಿಗೆ ಸಿಗುದಿಲ್ಲ. ಅವಳ ಗಂಡ ಅಷ್ಟರಲ್ಲೇ ಇರಲಿ."

"ನೂಲಿನಷ್ಟು ಗಂಡ!" ಎಂದಳು ಗಿರಿಜಾ ಹಿಂದಿನಿಂದ. ಕಾರ್ಖಾನೆಯೇ ನಕ್ಕಿತು. ಮೇಸ್ತ್ರಿಯೂ ನಕ್ಕರು. ಅವರು ನಕ್ಕದ್ದು ನಾನು ನೋಡಿದ್ದು ಅದೊಂದೇ ಸಲ.

ಮನೆಯಲ್ಲಿ ಅತ್ತೆ ನಗಲಿಲ್ಲ. "ನನ್ನ ಮಗನನ್ನು ಕೊಂದೆಯಾ?" ಎಂದು ಅಂಗಳದಲ್ಲಿ ಕೂತು ಕೂಗಿದಳು.

"ನಿಮ್ಮ ಮಗನಿಗೆ ಎಂತದೂ ಆಗುದಿಲ್ಲ ಮಾಮಿ. ಏಳಿ, ಗಂಜಿ ಆರ್ತದೆ" ಎಂದೆ. ಅವನಿಗೆ ಏನೂ ಆಗಲೂ ಇಲ್ಲ. ಮುಂದಿನ ವರ್ಷ ಅವನು ಬೊಂಬಾಯಿಯಿಂದ ಬಂದ, ಹೋದದ್ದಕ್ಕಿಂತ ದಪ್ಪವಾಗಿ. ನನ್ನ ಕೈ ನೋಡಿ, "ನಾನು ಸತ್ತೆ ಅಂತ ಎಣಿಸಿದಿಯಾ?" ಎಂದ. "ಇಲ್ಲ, ಕೆಲಸ ಸಿಕ್ಕಿತು" ಎಂದೆ.

ನಾನೂ ಸೆರಫಿನ್ ಬಾಯಿಯೂ ಆ ಗರಗಸವನ್ನು ಹಂಚಿಕೊಂಡೆವು. ಬೆಳಿಗ್ಗೆ ಅವಳು, ಊಟದ ನಂತರ ನಾನು. ಗೆಳತಿಯರಾದೆವು ಎಂದು ಬರೆದರೆ ಸುಳ್ಳಾಗುತ್ತದೆ. ಅವಳ ಅಂಚು ನನ್ನ ಅಂಚಿಗಿಂತ ನಯವಾಗಿ ಬರುತ್ತಿತ್ತು, ಅದನ್ನು ಸಹಿಸಲು ಕೊನೆಯವರೆಗೂ ನನಗೆ ಆಗಲಿಲ್ಲ. ನನ್ನ ಮಣಿಕಟ್ಟಿನ ನೂಲನ್ನು ಸಹಿಸಲು ಅವಳಿಗೆ ಆಗಲಿಲ್ಲ. ದಣಿಗಳು ನನ್ನನ್ನು "ಸೇಸಮ್ಮ" ಎಂದು ಕರೆದ ದಿನ ಅವಳು ಊಟ ಸರಿಯಾಗಿ ಮಾಡಲಿಲ್ಲ.

ಗರಗಸ ಕೈ ಬದಲಾಗುವಾಗ ಅವಳು ಬಿಟ್ಟ ತೋಳನ್ನು ನಾನು ಬೆರಳಿಟ್ಟು ಅಲುಗಾಡಿಸುತ್ತಿದ್ದೆ. ಬಿಗಿಹಿಡಿ ನೋಡುತ್ತಿದ್ದೆ, ಮೂಲೆಮಟ್ಟ ಒರಗಿಸುತ್ತಿದ್ದೆ, ಒಂದು ತುಂಡು ಕೊಯ್ದು ಮಗುಚಿ ಬೆಳಕಿಗೆ ಹಿಡಿಯುತ್ತಿದ್ದೆ. ಅವಳು ಏನಾದರೂ ಬಿಟ್ಟಿದ್ದಾಳೋ ಎಂದು ಹುಡುಕಲು. ಮರುದಿನ ಬೆಳಿಗ್ಗೆ ನಾನು ಬಿಟ್ಟದ್ದನ್ನು ಹುಡುಕಲು ಅವಳೂ ಹಾಗೆಯೇ. ಇನ್ನೊಬ್ಬರು ಸರಿಯಾಗಿ ಬಿಟ್ಟಿರುತ್ತಾರೆ ಎಂದು ನಾವಿಬ್ಬರೂ ಒಂದು ದಿನವೂ ನಂಬಲಿಲ್ಲ. ಮಿಶನಿನ ಕೆಲಸ ನನಗೆ ಕಲಿಸಿದ್ದು ಅದನ್ನೇ. ಆ ಬಂದರಿನಲ್ಲಿ ಗರಗಸ ಹಿಡಿದವರ ಕೈ ನೋಡಿದ್ದೇನೆ, ಎಷ್ಟೋ ಜನರಿಗೆ ಒಂದೋ ಎರಡೋ ಬೆರಳು ಇರಲಿಲ್ಲ. ನಮಗಿಬ್ಬರಿಗೂ ಹತ್ತು ಹತ್ತು ಬೆರಳು ಉಳಿದವು.