ಕನ್ನಡಕವಿಲ್ಲದ ರತ್ನಕ್ಕ

ರತ್ನಕ್ಕನನ್ನು ಕನ್ನಡಕವಿಲ್ಲದೆ ಯಾರೂ ನೋಡಿರಲಿಲ್ಲ. ಒಂದು ಕಡ್ಡಿಗೆ ಕಪ್ಪು ದಾರ ಸುತ್ತಿದ್ದ ಆ ದಪ್ಪ ಗಾಜನ್ನು ಮೂಗಿನ ಮೇಲೆ ಏರಿಸಿಕೊಂಡು, ಕಾಮಗೆರೆಯ ನಮ್ಮ ಬೀದಿಯ ಹೆಂಗಸರಿಗೆ ಅವಳು ಮಹಿಳಾ ಪತ್ರಿಕೆಯ ಧಾರಾವಾಹಿ ಓದಿ ಹೇಳುತ್ತಿದ್ದಳು. ಬಾಲವಾಡಿ ಟೀಚರು. ಮೀಟಿಂಗಿಗೆಂದು ಕೊಳ್ಳೇಗಾಲಕ್ಕೆ ಹೋದಾಗ ಬಸ್ ಸ್ಟ್ಯಾಂಡಿನ ಅಂಗಡಿಯಲ್ಲಿ ಪತ್ರಿಕೆ ಕೊಳ್ಳುತ್ತಿದ್ದಳು. ನಾವು ಬಿದಿರಿನ ಚಂದ್ರಿಕೆ ತಟ್ಟೆಯಿಂದ ರೇಷ್ಮೆಗೂಡು ಬಿಡಿಸುತ್ತ ಕೇಳುತ್ತಿದ್ದೆವು.

ಅವಳು ಓದಿದ ಕತೆಗಳಲ್ಲಿ ಹೆಂಗಸರು ಗಂಡನ ಕಾಲಿಗೆ ಬಿದ್ದದ್ದೇ ಇಲ್ಲ. ಮಿಡ್ಲ್ ಸ್ಕೂಲಿಗೆ ಹೋದಮೇಲೆ ಒಂದು ಸಂಚಿಕೆ ನಾನೇ ಓದಿದೆ. ಅದರಲ್ಲಿ ನಾಯಕಿ ಗಂಡನಿಂದ ಹೊಡೆಸಿಕೊಂಡು, ಅವನ ಪಾದ ಹಿಡಿದು ಕ್ಷಮೆ ಕೇಳಿದ್ದಳು. ರತ್ನಕ್ಕನ ಬಾಯಲ್ಲಾದರೋ ಅವಳು ಹನೂರಿನ ಬಸ್ಸು ಹತ್ತಿ ಅಣ್ಣನ ಮನೆಗೆ ಹೋಗಿ, ಹೊಲಿಗೆ ಮಿಷನ್ನು ಹಾಕಿಕೊಂಡಿದ್ದಳು. ಕೇಳಿದ್ದಕ್ಕೆ ರತ್ನಕ್ಕ ಒಂಚೂರೂ ನಾಚದೆ, “ಅವ್ರು ಅಂಗ್ ಬರ್ದವ್ರೆ, ನಾನು ಇಂಗ್ ಓದ್ತೀನಿ. ಇವ್ರೆಲ್ಲ ಇದ್ನ ಕೇಳ್ಕಂಡು ಮನೆಗೋಗ್ಬೇಕಲ್ಲ ಕೂಸೆ,” ಎಂದಳು. ಮುಂದಿನ ತಿಂಗಳು ಕತೆ ಗಂಡನ ಮನೆಯಲ್ಲೇ ಮುಂದುವರಿದರೆ ನಾಯಕಿಯನ್ನು ಹೇಗೆ ವಾಪಸು ಕರೆತರುವುದು ಎಂಬುದೇ ಅವಳಿಗೆ ದೊಡ್ಡ ತಲೆನೋವು.

ಅದೇ ಪತ್ರಿಕೆಯವರು ಬೆಟ್ಟದ ಸೀಮೆಯ ಹೆಂಗಸರ ಬಗ್ಗೆ ವಿಶೇಷಾಂಕ ಮಾಡಲು ಹೊರಟು, ಮಹದೇಶ್ವರ ಬೆಟ್ಟದ ದಾರಿಯಲ್ಲಿ ನಮ್ಮೂರಿನಲ್ಲಿ ಕಾರು ನಿಲ್ಲಿಸಿದರು. ರತ್ನಕ್ಕ ಒಳಗೋಡಿ ಮದುವೆ ಮನೆಗೆ ಉಡುವ ಸೀರೆ ಉಟ್ಟು, ಪತ್ರಿಕೆ ಎದೆಗವುಚಿಕೊಂಡು ಬಂದು ನಿಂತಳು. ಅವರಿಗೆ ಅದು ಹಿಡಿಸಲಿಲ್ಲ. ಹಳೆಯ ಸೀರೆ ಉಡಿಸಿದರು, ಕನ್ನಡಕ ತೆಗೆಸಿದರು, ಪಕ್ಕದ ಮನೆಯ ಸೌದೆ ಹೊರೆ ತಂದು ತಲೆಯ ಮೇಲಿಟ್ಟರು. ಆಮೇಲೆ ಕನ್ನಡಕ ಹಾಕಿಸಿ ಇನ್ನೊಂದು ಫೋಟೋ ತೆಗೆಯುತ್ತಾರೆ ಎಂದುಕೊಂಡು ಅವಳು ಅವರು ಹೇಳಿದಂತೆ ನಿಂತಳು. ಕಾರು ಹೋಯಿತು.

ವಿಶೇಷಾಂಕ ಬಂದಾಗ ಬೀದಿಗೆ ಬೀದಿಯೇ ಸೇರಿತು. ಅವಳ ಪಟ ಹೆಂಗಸರ ಕೈಯಿಂದ ಕೈಗೆ ದಾಟಿತು. ಕೆಳಗೆ ಏನು ಬರೆದಿದೆ ಎಂದು ಕೇಳಿದ್ದಕ್ಕೆ, “ಕಣ್ಣುರಿ ಕಣ್ರವ್ವ, ಇವತ್ತು ಓದಾಕಿಲ್ಲ,” ಎಂದು, ನನ್ನ ಕೈಗೆ ಬರುವ ಮೊದಲೇ ಪತ್ರಿಕೆ ಮಡಚಿ ಒಳಗಿಟ್ಟಳು. ಆಮೇಲೆ ಯಾವತ್ತೂ ಓದಲಿಲ್ಲ. ಗೂಡು ಬಿಡಿಸುವಾಗ ನಾವು ರೇಡಿಯೋ ಹಾಕಿಕೊಳ್ಳತೊಡಗಿದೆವು.

ಅವಳು ತೀರಿಕೊಂಡಾಗ ನಾನು ಯಳಂದೂರಿನಲ್ಲಿ ಕೆಲಸದಲ್ಲಿದ್ದೆ. ತಿಥಿಗೆ ಬಂದೆ. ಮನೆಯವರ ಹತ್ತಿರ ಬೇರೆ ಫೋಟೋ ಇರಲಿಲ್ಲ. ಪತ್ರಿಕೆಯ ಆ ಪುಟಕ್ಕೇ ಕಟ್ಟು ಹಾಕಿಸಿ ಹೂವಿಟ್ಟಿದ್ದರು. ಸೌದೆ ಹೊತ್ತ ರತ್ನಕ್ಕ ಎದುರಿಗಿರುವುದು ಕಾಣದೆ ಎತ್ತಲೋ ನೋಡುತ್ತಿದ್ದಳು. ಕೆಳಗೆ ‘ಅಕ್ಷರದ ಗಂಧವೂ ಇಲ್ಲದ ಕಾಡಿನ ಚೆಲುವೆ’ ಎಂದು ಅಚ್ಚಾಗಿತ್ತು. ನನಗೆ ಅಳು ಬರಲಿಲ್ಲ. ಸಿಟ್ಟೂ ಬರಲಿಲ್ಲ. ಏನೂ ಅನ್ನಿಸಲಿಲ್ಲ.

ಅಂದು ಸೌದೆ ಕೊಟ್ಟಿದ್ದ ಪಕ್ಕದ ಮನೆಯ ಸಿದ್ದಮ್ಮಜ್ಜಿ ಬಂದು ಗಾಜಿನ ಮೇಲೆ ಬೆರಳಿಟ್ಟಳು. “ಇಲ್ಲಿ ಏನ್ ಬರ್ದವ್ರೆ ಕೂಸೆ? ಅವ್ಳು ಯೋಳ್ನೇ ಇಲ್ಲ.”

“ಕಾಮಗೆರೆ ರತ್ನಮ್ಮ. ಬಾಲವಾಡಿ ಟೀಚರು. ಬೀದಿಗೆಲ್ಲ ಕತೆ ಓದಿ ಹೇಳ್ತಾರೆ,” ಎಂದು ಓದಿದೆ.

ಅಜ್ಜಿ ತಲೆಯಾಡಿಸಿದಳು.

“ಸರ್ಯಾಗೇ ಬರ್ದವ್ರೆ. ಕನ್ನಡ್ಕ ಒಂದ ಬುಟ್ಬುಟ್ಟವ್ರೆ.”