ನವಸಾಗರ ತಿಂದ ರೆಕ್ಕೆ

ಮೆಹಬೂಬಿ ಬಾಂಬರ್ ವಿಮಾನದ ಎಡ ರೆಕ್ಕೆಯೊಳಗೆ ಅಂಗಾತ ಮಲಗಿದ್ದಳು. ಕೈಯಲ್ಲಿ ಕಬ್ಬಿಣದ ಗಟ್ಟಿ, ಬಾಯಲ್ಲಿ ಸಣ್ಣ ಟಾರ್ಚು. ಹೊರಗೆ ಹನಮಪ್ಪ ರಿವೆಟ್ಟಿನ ತಲೆಗೆ ಸುತ್ತಿಗೆ ಹಾಕುವಾಗ ಒಳಗೆ ಅದರ ಬಾಲಕ್ಕೆ ಈಕೆ ಗಟ್ಟಿ ಒತ್ತಿ ಹಿಡಿಯಬೇಕು. ನಡುವೆ ತಗಡು. ಒಬ್ಬರ ಮುಖ ಇನ್ನೊಬ್ಬರಿಗೆ ಕಾಣುವುದಿಲ್ಲ, ಆ ಸದ್ದಿನಲ್ಲಿ ಮಾತೂ ಕೇಳುವುದಿಲ್ಲ. ಅದಕ್ಕೇ ಬಡಿತದ ಲೆಕ್ಕ ಮಾಡಿಕೊಂಡಿದ್ದರು. ಒಳಗಿನಿಂದ ಒಂದು ಬಡಿತ ಬಂದರೆ ಮತ್ತೊಂದು ಏಟು ಹಾಕು. ಎರಡು ಬಂದರೆ ಕೂತಿತು, ಮುಂದೆ ನಡಿ. ಮೂರು ಬಂದರೆ ಕೆಟ್ಟಿದೆ, ಕಿತ್ತು ತೆಗಿ. ಹನಮಪ್ಪ ಬಸ್ ಡಿಪೋದಲ್ಲಿ ಬಸ್ಸುಗಳ ಮೈ ಕಟ್ಟುತ್ತಲೇ ರಿಟೈರ್ ಆದವನು. ಈ ಲೆಕ್ಕ ಅವನು ಅಲ್ಲಿಂದ ತಂದದ್ದು.

ಆ ಮಂಗಳವಾರ ಮೂರು ಬಡಿತ ಬಂದವು. ಹನಮಪ್ಪ ನಂಬಲಿಲ್ಲ, ಇನ್ನೊಂದು ಏಟು ಹಾಕಿದ. ಮತ್ತೆ ಮೂರು.

“ಏನಾತ ಅಕ್ಕಾ? ಕೈ ಜಾರಿತೇನು?” ಎಂದು ಅವನು ರೆಕ್ಕೆಯ ಬಾಯಿಗೆ ಬಾಯಿಟ್ಟು ಕೂಗಿದ.

ಮೆಹಬೂಬಿ ಕಾಲು ಮುಂದಾಗಿ ತೆವಳಿ ಹೊರಬಂದಳು. ಸೆರಗಿನ ತುಂಬ ಬಿಳಿ ಪುಡಿ. ಅಂಗೈ ಬಿಚ್ಚಿ ತೋರಿಸಿದಳು.

“ಕೈ ಜಾರಿಲ್ಲೋ ಅಣ್ಣಾ. ತಗಡ ಸತ್ತೈತಿ.”

ಪಾಲಿಟೆಕ್ನಿಕ್ಕಿನಲ್ಲಿ ಪಾಠ ಮಾಡುವ ಲೋಹಿತ ಓಡಿ ಬಂದ. ಈ ವಿಮಾನದ ಹುಚ್ಚು ಹಚ್ಚಿದವನೇ ಅವನು. “ಏನ್ರಿ ಇದು, ಸುಣ್ಣಾ?” ಎಂದ.

“ಸುಣ್ಣ ಅಲ್ರಿ ಸರ. ನಿಮ್ಮ ವಿಮಾನ.”

ಎರಡನೇ ಮಹಾಯುದ್ಧದ ಹೊತ್ತಿನಲ್ಲಿ ಕಪ್ಪತಗುಡ್ಡದ ಹಿಂಬದಿಗೆ ಬಿದ್ದ ವಿಮಾನ ಅದು. ಸರಕಾರದವರು ಬಂದು ಹೆಣ ಒಯ್ದರು, ಬಂದೂಕು ಒಯ್ದರು. ಮಿಕ್ಕದ್ದನ್ನು ಮಂದಿ ಒಯ್ದರು. ಮುಂಡರಗಿ ಕಡೆ ಅದು ಕೋಳಿಗೂಡಾಯಿತು, ಬಾವಿಗೆ ಮುಚ್ಚಳವಾಯಿತು. ಶಿರಹಟ್ಟಿ ಕಡೆ ಆಡು ಸಾಕುವ ದೇವವ್ವನ ಮಾವ ಒಂದು ದೊಡ್ಡ ತಗಡು ತಂದು ಆಡಿನ ಕೊಟ್ಟಿಗೆಗೆ ಬಾಗಿಲು ಮಾಡಿದ. ಬೆಟಗೇರಿಯ ಕಲಾಯಿ ಕರೀಮಸಾಬ ಚಕ್ಕಡಿ ತುಂಬ ಹೇರಿಕೊಂಡು ಬಂದು ಬಡಿದು ಬಡಿದು ಹಿಟ್ಟಿನ ಡಬ್ಬಿ ಮಾಡಿ ಮಾರಿದ. ಅವನ ಮನೆ ನಿಂತದ್ದು ಆ ಡಬ್ಬಿಗಳ ಮೇಲೆ. ಆ ಕರೀಮಸಾಬನ ಸೊಸೆ ಈ ಮೆಹಬೂಬಿ.

ಮದುವೆಯಾಗಿ ಬಂದ ದಿನದಿಂದ ಆಕೆ ಗಂಡನ ಪಕ್ಕ ಕೂತು ತಿದಿ ಒತ್ತಿದವಳು. ತಾಮ್ರದ ಹಂಡೆ, ಹಿತ್ತಾಳೆಯ ಕೊಡ, ಪರಾತ. ಕಾಯಿಸಿ, ನವಸಾಗರದ ಪುಡಿ ಉದುರಿಸಿ, ಅರಳೆಯಿಂದ ಒರೆಸಿದರೆ ಕೊಳೆಯೆಲ್ಲ ಬಿಟ್ಟು ತವರ ಹಿಡಿಯುತ್ತದೆ. ಆಮೇಲೆ ಮನೆಮನೆಗೆ ಸ್ಟೀಲು ಬಂತು. ಕಲಾಯಿ ಹೋಯಿತು, ಗಂಡನೂ ಹೋದ. ಮಾರ್ಕೆಟ್ಟಿನಲ್ಲಿ ಉಳ್ಳಾಗಡ್ಡಿ ಆರಿಸುವ ಕೂಲಿಗೆ ಹೋದಳು. ಅಲ್ಲಿ ಆಕೆಗೆ ಹೆಸರೇ ಇರಲಿಲ್ಲ, ‘ಏ ಮುದುಕಿ’ ಅಷ್ಟೇ.

ವಿಮಾನವನ್ನು ಮತ್ತೆ ಕೂಡಿಸಿ ನಿಲ್ಲಿಸಬೇಕೆಂದು ಅದರ ಚೂರು ಹುಡುಕುತ್ತ ಲೋಹಿತ ಆಕೆಯ ಮನೆ ಬಾಗಿಲಿಗೆ ಬಂದ. ಹಿಟ್ಟಿನ ಡಬ್ಬಿಯ ಮೈಮೇಲೆ ಸಾಲಾಗಿ ರಿವೆಟ್ಟಿನ ತೂತು ಕಂಡು ಅವನ ಕಣ್ಣಲ್ಲಿ ನೀರು ಬಂತು. ಮೆಹಬೂಬಿಗೆ ನಗು ಬಂತು. ಹಿಟ್ಟು ಬೇರೆ ಡಬ್ಬಿಗೆ ಸುರಿದು ಅದನ್ನು ಕೊಟ್ಟಳು. “ಅಲ್ಲೆ ಏನರ ಕೆಲಸ ಐತೇನ್ರಿ?” ಎಂದು ಕೇಳಿದಳು. ಪಗಾರ ಇಲ್ಲ ಎಂದ. ಆದರೂ ಹೋದಳು. ಆಳು ಸಣ್ಣ, ರೆಕ್ಕೆಯೊಳಗೆ ತೂರುವಷ್ಟು ಸಣ್ಣ. ವಾರ ಕಳೆಯುವುದರೊಳಗೆ ಅಲ್ಲಿನವರು ಆಕೆಯನ್ನು ‘ಮಿಸ್ತ್ರಿ’ ಎಂದು ಕರೆಯತೊಡಗಿದರು. ಆ ಒಂದು ಮಾತಿಗಾಗಿ ಆಕೆ ಬೆಳಿಗ್ಗೆ ಉಳ್ಳಾಗಡ್ಡಿ ಆರಿಸಿ ಮಧ್ಯಾಹ್ನ ಅಲ್ಲಿಗೆ ನಡೆದುಕೊಂಡು ಹೋಗುತ್ತಿದ್ದಳು, ವರ್ಷಗಟ್ಟಲೆ.

ಜನ ನಗುತ್ತಿದ್ದರು. ಊರು ಸುಡಲು ಮಾಡಿದ ಗಾಡಿಗೆ ಇಷ್ಟು ಆರೈಕೆ ಯಾಕೆ ಎಂದು, ಕೊಟ್ಟಿಗೆಯ ಬಾಗಿಲು ಬಿಚ್ಚಿ ಕೊಟ್ಟ ದೇವವ್ವನೇ ಒಮ್ಮೆ ಕೇಳಿದ್ದಳು. “ಸುಡಾಕ ಹೊಂಟಿತ್ತು ಖರೆ. ನಮ್ಮ ಕಡೆ ಬಿದ್ದು ಹಿಟ್ಟಿನ ಡಬ್ಬಿ ಆತು. ಇದರಷ್ಟು ಬುದ್ಧಿ ಮಂದಿಗೆ ಬಂದ್ರ ಸಾಕು” ಎಂದಿದ್ದಳು ಮೆಹಬೂಬಿ.

ಕೆಲಸ ನಡೆದದ್ದು ಬೆಟಗೇರಿಯ ಮುಚ್ಚಿಹೋದ ಹತ್ತಿ ಜಿನ್ನಿಂಗ್ ಗಿರಣಿಯ ಶೆಡ್ಡಿನಲ್ಲಿ. ಮಾಲಕನ ಮೊಮ್ಮಕ್ಕಳು ಈಗ ಅದನ್ನು ಪ್ಲಾಟು ಮಾಡಲು ಮಾರಿದ್ದರು. ಶೆಡ್ಡಿಗಾಗಿ ಇವರು ಧರಣಿ ಕೂತರು, ಮನವಿ ಕೊಟ್ಟರು. ಮನವಿ ತೆಗೆದುಕೊಂಡವರೆಲ್ಲ ವಿಮಾನದ ಮುಂದೆ ಫೋಟೋ ಹೊಡೆಸಿಕೊಂಡು, ಚಹಾ ಕುಡಿದು ಹೋದರು. ಕೊನೆಗೆ ಉಳಿದದ್ದು ಒಂದೇ ದಾರಿ. ದೂರದೂರಿನ ಒಂದು ಸಂಗ್ರಹಾಲಯದವರು ಶುಕ್ರವಾರ ಬರುತ್ತೇವೆ ಎಂದಿದ್ದರು. ಎರಡೂ ರೆಕ್ಕೆ ಕೂಡಿಸಿ ನಿಲ್ಲಿಸಿ ತೋರಿಸಿದರೆ ಒಯ್ಯುತ್ತಾರೆ, ಇಲ್ಲದಿದ್ದರೆ ಇಲ್ಲ. ಬಲ ರೆಕ್ಕೆ ಕೂತಿತ್ತು. ಎಡದ್ದನ್ನು ಎತ್ತಲು ಗುರುವಾರ ಕ್ರೇನ್ ಬರಬೇಕು. ಸೋಮವಾರ ಶೆಡ್ಡು ಕೆಡವಲು ಜೆಸಿಬಿ. ಆಮೇಲೆ ಶೆಡ್ಡಿನಲ್ಲಿ ಏನಿದ್ದರೂ ಗುಜರಿಯವನ ಪಾಲು. ಅವನು ಆಗಲೇ ಬಂದು ವಿಮಾನದ ಮೈ ತಟ್ಟಿ ನೋಡಿ ಹೋಗಿದ್ದ, ಸಂತೆಯಲ್ಲಿ ಎಮ್ಮೆ ನೋಡುವ ಹಾಗೆ.

ಈಗ ಇದು.

“ನಾನ ಮಾಡಿದ್ದು” ಎಂದಳು ಮೆಹಬೂಬಿ, ಯಾರೂ ಕೇಳುವ ಮೊದಲೇ. “ಜೋಡಸೂದಕ್ಕ ಮೊದಲ ಈ ರೆಕ್ಕೆದ ಎಲ್ಲಾ ತಗಡಿಗೂ ಒಳಗಿನಿಂದ ನವಸಾಗರ ತಿಕ್ಕೀನಿ. ಹಂಡೆಕ್ಕ ತಿಕ್ಕೂವಂಗ. ಬೆಳ್ಳಗ ಫಳಫಳ ಆತು, ನೀವೆಲ್ಲಾ ಶಾಬ್ಬಾಸ್ ಅಂದ್ರಿ.”

ಶಾಬ್ಬಾಸ್ ಅಂದದ್ದು ನಿಜ. ಯಾವುದರಿಂದ ತಿಕ್ಕಿದೆ ಎಂದು ಯಾರೂ ಕೇಳಿರಲಿಲ್ಲ. ತಾಮ್ರಕ್ಕೆ ಔಷಧವಾದದ್ದು ಈ ಅಲ್ಯುಮಿನಿಯಂ ತಗಡಿಗೆ ವಿಷ. ಸಂದಿಯಲ್ಲಿ ಉಳಿದ ನವಸಾಗರದ ಉಪ್ಪು, ಸೋರುವ ಶೆಡ್ಡಿನ ಮಳೆಗಾಲವನ್ನು ಕುಡಿಯಿತು. ಮೇಲೆ ಬಣ್ಣ ಚೆನ್ನಾಗಿತ್ತು. ಒಳಗೆ ತಗಡು ಹಳೇ ರೊಟ್ಟಿಯ ಹಾಗೆ ಪದರು ಪದರಾಗಿ ಏಳುತ್ತಿತ್ತು. ಬಲ ರೆಕ್ಕೆ ಬೇರೆಯವರು ಮಾಡಿದ್ದು, ಬರೀ ಸೀಮೆಎಣ್ಣೆಯಲ್ಲಿ ಒರೆಸಿದ್ದರು, ಉಳಿಯಿತು. ಎಡದ್ದು ಕೆಟ್ಟದ್ದು ಎಲ್ಲಿ? ವಿಮಾನದ ಮೈಗೆ ಕೂಡುವ ಬುಡದಲ್ಲೇ. ಹನಮಪ್ಪ ದಬ್ಬಣ ಇಟ್ಟು ಹೆಬ್ಬೆರಳಿನಿಂದ ಒತ್ತಿದ, ಸಲೀಸಾಗಿ ಆಚೆ ಹೋಯಿತು.

ಬುಧವಾರ ಇಡೀ ದಿನ ತೇಪೆ ಹಾಕಿದರು. ಡಿಪೋದ ಗುಜರಿಯಿಂದ ತಂದ ಬಸ್ಸಿನ ತಗಡು ಗಟ್ಟಿಯೇ ಇತ್ತು. ಆದರೆ ಹಿಡಿದುಕೊಳ್ಳಲು ಕೆಳಗೆ ಏನಾದರೂ ಇರಬೇಕಲ್ಲ. ರಿವೆಟ್ಟು ಹೊಡೆದಲ್ಲೆಲ್ಲ ಪುಡಿ ಉದುರಿತು. ಸಂಜೆಗೆ ಹನಮಪ್ಪ ಸುತ್ತಿಗೆ ಎಸೆದು ಕೂತ.

ಲೋಹಿತನ ಮುಖ ಬತ್ತಿಹೋಗಿತ್ತು. “ಬಣ್ಣ ಹೊಡದು ಮುಚ್ಚೂಣ್ರಿ. ಇದೇನ್ ಹಾರಬೇಕಾಗಿಲ್ಲ. ಶುಕ್ರವಾರ ಒಂದ ದಿನ ನಿಂತರ ಸಾಕು. ಒಪ್ಪಿಕೊಂಡ ಮ್ಯಾಲೆ ಖರೇನ ಹೇಳೂಣು.”

“ಎತ್ತುವಾಗ ಕೆಳಗ ನಿಂತು ಬೋಲ್ಟ್ ಹಾಕಾವ್ರು ಯಾರು?” ಎಂದಳು ಮೆಹಬೂಬಿ.

“ನಾ ನಿಲ್ತೀನಿ” ಎಂದ ಹನಮಪ್ಪ. “ಬಿದ್ದರ ಬೀಳಲಿ. ಸತ್ತರ ಪೇಪರಿನ್ಯಾಗರ ಬರ್ತೈತಿ. ಇಷ್ಟ ಧರಣಿ ಮಾಡಿದ್ರೂ ಬರಲಿಲ್ಲ.”

“ನಿನ್ನ ಹೆಣ ತೊಗೊಂಡು ನಾ ಏನ್ ಮಾಡ್ಲಿ, ಕಲಾಯಿ ಹಾಕ್ಲ್ಯಾ?”

ಹನಮಪ್ಪ ನಕ್ಕ. ಬೇರೆ ಯಾರೂ ನಗಲಿಲ್ಲ. ಲೋಹಿತ ಬಣ್ಣದ ಡಬ್ಬಿ ತೆರೆದು ತಾನೇ ಬಳಿಯತೊಡಗಿದ. ಬ್ರಶ್ಶು ತಗುಲಿದಲ್ಲಿ ತಗಡು ಒಳಗೆ ಬಾಗುತ್ತಿತ್ತು. ಆದರೂ ಬಳಿದ.

ಗುರುವಾರ ಕ್ರೇನ್ ಬಂತು. ಎಡ ರೆಕ್ಕೆಗೆ ಪಟ್ಟಿ ಸುತ್ತಿದರು. ಹನಮಪ್ಪ ಬೋಲ್ಟುಗಳನ್ನು ಪಂಚೆಯ ಮಡಿಲಿಗೆ ಹಾಕಿಕೊಂಡು ಹೋಗಿ ವಿಮಾನದ ಮೈಗೆ ಆತು ನಿಂತ. ಡ್ರೈವರ್ ಎತ್ತಲು ಹೊರಟಾಗ ಮೆಹಬೂಬಿ ಎಲ್ಲೂ ಕಾಣಲಿಲ್ಲ. ಆಮೇಲೆ ರೆಕ್ಕೆಯೊಳಗಿನಿಂದ ಸದ್ದು ಬಂತು. ಮೂರು ಬಡಿತ. ತುಸು ಬಿಟ್ಟು ಮತ್ತೆ ಮೂರು.

“ಹೊರಗ ಬರ್ರಿ ಮಿಸ್ತ್ರಿ!” ಲೋಹಿತ ರೆಕ್ಕೆಗೆ ಕೈಯಿಂದ ಗುದ್ದಿದ. “ನಿಮ್ಮ ಕಾಲಿಗೆ ಬೀಳ್ತೀನಿ, ಬರ್ರಿ!”

“ನೀವ ಕಾಲಿಗೆ ಬಿದ್ರ ತಗಡ ಗಟ್ಟಿ ಆಕ್ಕೈತೇನ್ರಿ?” ಒಳಗಿನಿಂದ ಬಂದ ದನಿ ಟೊಳ್ಳಾಗಿ ಕೇಳಿತು. “ಹನಮಪ್ಪನ್ನ ಕೆಳಗಿಂದ ಸರಸ್ರಿ. ಇಲ್ಲಾಂದ್ರ ನನ್ನನ್ನೂ ಕೂಡೇ ಎತ್ರಿ.”

ಕ್ರೇನಿನವನು ಇಳಿದು ಬಂದು ಪಟ್ಟಿ ಬಿಚ್ಚಿಕೊಂಡ. “ಒಳಗ ಮಂದಿ ಇಟಗೊಂಡು ಎತ್ತಾಕ ನನಗೇನ್ ಹುಚ್ಚ ಹಿಡದೈತೇನ್ರಿ? ಇನ್ನ ನನ್ನ ಕರೀಬ್ಯಾಡ್ರಿ” ಎಂದು ಗಾಡಿ ತಿರುಗಿಸಿದ.

ಆಕೆ ಹೊರಬಂದಾಗ ಲೋಹಿತ ಶೆಡ್ಡಿನ ಕಂಬಕ್ಕೆ ಒರಗಿ ನಿಂತಿದ್ದ. “ನೀವ ಕೊಂದ್ರಿ ಇದನ್ನ” ಎಂದ. ಕೂಗಲಿಲ್ಲ, ಮೆಲ್ಲಗೇ ಹೇಳಿದ.

“ಹೌದ್ರಿ” ಎಂದಳು ಆಕೆ.

ಶುಕ್ರವಾರ ಸಂಗ್ರಹಾಲಯದವರು ಬಂದರು. ಒಂದೇ ರೆಕ್ಕೆಯ ವಿಮಾನವನ್ನು ಸುತ್ತು ಹಾಕಿ ನೋಡಿ, ಫೋಟೋ ಹೊಡೆದುಕೊಂಡು, ತಿಳಿಸುತ್ತೇವೆ ಎಂದರು. ಅವರ ಕಾರು ಗೇಟು ದಾಟುವ ಮೊದಲೇ ಅಲ್ಲಿದ್ದವರಿಗೆಲ್ಲ ಉತ್ತರ ತಿಳಿದಿತ್ತು. ವಿಮಾನದ ಮೈಯನ್ನು ಬೇರೆಡೆಗೆ ಸಾಗಿಸೋಣವೆಂದು ಹನಮಪ್ಪ ಕ್ರೇನಿಗಾಗಿ ಗದಗ ಪೂರ್ತಿ ಅಲೆದ. ಆ ಡ್ರೈವರ್ ಸುದ್ದಿ ಹಬ್ಬಿಸಿಬಿಟ್ಟಿದ್ದ: ಅಲ್ಲಿಯ ಮುದುಕಿಗೆ ತಲೆ ಸರಿಯಿಲ್ಲ, ಗಾಡಿಯೊಳಗೆ ಹೊಕ್ಕು ಕೂರುತ್ತಾಳೆ. ಯಾರೂ ಬರಲಿಲ್ಲ.

ಸೋಮವಾರ ಗುಜರಿಯವನು ಕಟಿಂಗ್ ಮಶೀನು ತಂದ. ಗಟ್ಟಿ ಇದ್ದದ್ದೆಲ್ಲ ಹೋಯಿತು. ಬಲ ರೆಕ್ಕೆ, ಬಾಲ, ಮೂಗು, ಮೆಹಬೂಬಿಯ ಹಿಟ್ಟಿನ ಡಬ್ಬಿಯನ್ನು ಬಿಚ್ಚಿ ಬಡಿದು ಕೂಡಿಸಿದ್ದ ಬಾಗಿಲು, ಎಲ್ಲ. ಎಡ ರೆಕ್ಕೆಗೆ ಒಂದು ಒದೆ ಕೊಟ್ಟು ನೋಡಿದ. ಪುಡಿ ಉದುರಿತು. “ಈ ಕಸ ನೀವ ಇಟಗೋರಿ” ಎಂದ.

ಅದನ್ನು ಎರಡು ತುಂಡು ಮಾಡಿ ಟ್ರ್ಯಾಕ್ಟರಿಗೆ ಹೇರಿ ದೇವವ್ವನ ಕೊಟ್ಟಿಗೆಗೆ ತಂದರು. ಇಡಲು ಬೇರೆ ಜಾಗ ಇರಲಿಲ್ಲ. ಲೋಹಿತ ಫೋನ್ ಎತ್ತುವುದನ್ನು ಬಿಟ್ಟಿದ್ದ. ದೇವವ್ವ ಆಡುಗಳನ್ನು ಅತ್ತ ಓಡಿಸಿ, ರೆಕ್ಕೆಯಲ್ಲಿ ತನ್ನ ಹಳೇ ಬಾಗಿಲನ್ನು ಗುರುತು ಹಿಡಿದು ಕೈಯಾಡಿಸಿದಳು. ಬೆರಳಿಗೆ ಪುಡಿ ಹತ್ತಿತು.

“ಕೊಟ್ಟಾಗ ಚಲೋ ಇತ್ತಲ್ಲಬೇ ಮೆಹಬೂಬಿ. ಇಷ್ಟ ವರ್ಷ ಆಡು ಒದ್ದರೂ ಏನೂ ಆಗಿದ್ದಿಲ್ಲ.”

ಮೆಹಬೂಬಿ ಸೆರಗು ಸಿಕ್ಕಿಸಿ, ಗಟ್ಟಿ ಎತ್ತಿಕೊಂಡು ಒಳಗೆ ತೆವಳಿದಳು.

“ಇನ್ನ ಯಾಕ ಅಕ್ಕಾ? ಯಾರಿಗೆ ಮಾಡೂದು?” ಎಂದ ಹನಮಪ್ಪ.

“ಎಷ್ಟ ಉಳದೈತಿ ನೋಡೂಣು. ಹೊಡಿ.”

ಅವನು ಮೊದಲನೇ ರಿವೆಟ್ಟಿನ ಮೇಲೆ ಸುತ್ತಿಗೆ ಹಾಕಿದ. ಒಳಗಿನಿಂದ ಮೂರು ಬಡಿತ. ಅದನ್ನು ಕೊರೆದು ತೆಗೆದ, ಮುಂದಿನದಕ್ಕೆ ಹೋದ. ಮೂರು. ಅದರ ಮುಂದಿನದಕ್ಕೂ ಮೂರು. ಆಡುಗಳು ಬೇಲಿಯ ಪಕ್ಕ ನಿಂತು ಕಿವಿ ನಿಮಿರಿಸಿ ನೋಡುತ್ತಿದ್ದವು. ಹೊತ್ತು ಇಳಿಯುವ ತನಕ ಹನಮಪ್ಪ ಎರಡು ಬಡಿತಕ್ಕಾಗಿ ಕಿವಿಗೊಟ್ಟು ಕೂತ. ಬರಲಿಲ್ಲ.