ಗಂಡನ ಹೆಸರು ಹೇಳಿಸಿದ ಯಶೋದಾಬಾಯಿ

ಭಾನುವಾರ ಬೆಳಗಿನ ಆರು ಗಂಟೆ. ನಾರಾಯಣಪುರದ ಹೊರಗಿನ ತೊಗರಿ ಹೊಲದ ಬದುವಿನಲ್ಲಿ ಕುಕ್ಕರಗಾಲಲ್ಲಿ ಕುಳಿತ ಯಶೋದಾಬಾಯಿ, ಕಳೆ ತೆಗೆಯಲು ಬಂದ ಹೆಂಗಸರಿಗೆ ಚಹಾ ಬಗ್ಗಿಸುತ್ತಿದ್ದಾರೆ. ಪಕ್ಕದಲ್ಲಿ ನಿಂತ ವಿದ್ಯಾರ್ಥಿನಿ ಮನೀಷಾ ಆಗಲೇ ಮೊಬೈಲ್ ಎತ್ತಿ ಹಿಡಿದಿದ್ದಾಳೆ.

"ಅದನ್ನ ಚೀಲದಾಗ ಇಡವಾ. ಮೊದಲ ಚಹಾ, ಆಮ್ಯಾಲ ಮಾತು, ಮೊಬೈಲ್ ಕಡೀಕ. ಎಷ್ಟ ಸಲ ಹೇಳಬೇಕು ನಿನಗ?"

ಐವತ್ತೆರಡರ ಯಶೋದಾಬಾಯಿ ಓದಿದ್ದು ಏಳನೇ ತರಗತಿ. ಕಲಿಸುತ್ತಿರುವುದು ಕಾಲೇಜು ಮಕ್ಕಳಿಗೆ, ಅದೂ ಆರೋಗ್ಯ ಸಂಶೋಧನೆ! ಬಸವಕಲ್ಯಾಣ, ಹುಮನಾಬಾದ್ ಸುತ್ತಲಿನ ಗೊಂಡ ಬುಡಕಟ್ಟಿನ ವಿದ್ಯಾರ್ಥಿಗಳಿಗೆ ಸಣ್ಣ ಸಂಸ್ಥೆಯೊಂದು ಈ ತರಬೇತಿ ಕೊಡುತ್ತಿದೆ. ಜನರ ಕಾಯಿಲೆಯ ಅನುಭವವನ್ನು ಅವರದೇ ದನಿಯಲ್ಲಿ ಮೂರು ನಿಮಿಷದ ವಿಡಿಯೊ ಕಥೆ ಮಾಡಬೇಕು. ಹೇಳಿದವರೇ ಮೊದಲು ನೋಡಿ ಹೂಂ ಅನ್ನಬೇಕು. ಹತ್ತಾರು ಕಥೆ ಕೂಡಿದರೆ ಊರಿನ ನೋವು ಯಾವುದು, ಯಾಕೆ ಎಂದು ತಿಳಿಯುತ್ತದೆ. ಮೊಬೈಲ್ ಒತ್ತುವುದನ್ನು ಕಲಿಸಲು ಬೇರೆಯವರಿದ್ದಾರೆ. ಬಾಯಿ ಬಿಡಿಸುವುದನ್ನು ಕಲಿಸಲು ಇವರೊಬ್ಬರೇ.

ಅದೇ ಸಮುದಾಯದ ಯಶೋದಾಬಾಯಿ ನಾಲ್ಕು ವರ್ಷದಲ್ಲಿ ಅರವತ್ತಮೂರು ಮಕ್ಕಳನ್ನು ತಯಾರು ಮಾಡಿದ್ದಾರೆ. ನಾಲ್ಕೂವರೆಗೆ ಎದ್ದು ರೊಟ್ಟಿ ಬಡಿದು, ಮಾಣಿಕನಗರದ ಮನೆಯಿಂದ ಹೊರಟು ಮೊದಲ ಬಸ್ಸು ಹಿಡಿಯುತ್ತಾರೆ. ವಾರಕ್ಕೆ ಐದು ಊರು. ಭಾನುವಾರ ಮಾತ್ರ ರಾಜಯೋಗ, ಗಂಡ ನಾಗನಾಥರ ಆಟೊ ಇರುತ್ತದೆ.

ಇದೆಲ್ಲ ಯಾಕೆ ಬೇಕಿತ್ತು ಎಂದು ಕೇಳುತ್ತೇನೆ.

"ನಾ ಹೊಸಾ ಸೊಸಿ ಇದ್ದಾಗ ಸರ್ವೇದ ಮನಷ್ಯಾ ಒಬ್ಬ ಬಂದಿದ್ದರಿ. ಮನ್ಯಾಗ ಯಾರಿಗೆ ಏನ ತ್ರಾಸ ಅದ ಅಂತ ಕೇಳಿದ. ನನ್ನ ಪಾಳಿ ಬಂದಾಗ ನಮ್ಮ ಅತ್ತಿನೇ ಹೇಳಿಬಿಟ್ಟರು, 'ಆರಾಮ ಅದಾಳ' ಅಂತ. ಅಂವಾ ಬರಕೊಂಡು ಹ್ವಾದ. ನನಗಂದ್ರ ಉರಿಮೂತ್ರ ಆಗಿ ಕುಂಡ್ರಾಕ ಬರ್ತಿದ್ದಿಲ್ಲ! ಎರಡ ವರ್ಷ ಯಾರ ಮುಂದೂ ಬಾಯಿ ಬಿಡಲಿಲ್ಲರಿ. ಸರ್ಕಾರದ ಕಾಗದದಾಗ ಮಾತ್ರ ನಾ ಆರಾಮ."

ಹೇಳಿ ನಗುತ್ತಾರೆ. ನನಗೆ ನಗು ಬರುವುದಿಲ್ಲ.

ಈ ಸಲ ಮನೀಷಾಳ ತಂಡ ಹಿಡಿದಿರುವುದೂ ಅದೇ ಉರಿಯನ್ನು. ಹೊಲದ ಹತ್ತಿರ ಮರೆಯಿಲ್ಲ, ಶೌಚಾಲಯವಿಲ್ಲ. ಹಾಗಾಗಿ ಹೆಂಗಸರು ದಿನವಿಡೀ ನೀರೇ ಕುಡಿಯುವುದಿಲ್ಲ. ಇಪ್ಪತ್ತೆರಡು ಮಂದಿ ಕಥೆ ಹೇಳಿದ್ದಾರೆ. ನಾಳೆ ಸೋಮವಾರ ಬಸವಕಲ್ಯಾಣದಲ್ಲಿ ಅಧಿಕಾರಿಗಳ ಮುಂದೆ ಅವನ್ನು ತೋರಿಸಿ ಹೊಲದ ದಾರಿಗೊಂದು ಶೌಚಾಲಯ ಕೇಳಬೇಕು. ಆದರೆ ಹನ್ನೊಂದು ಕಥೆಗಳಿಗೆ ಕುತ್ತು ಬಂದಿದೆ. ಒಂದೇ ಊರಲ್ಲಿ ನಾಲ್ವರು ಗಿರಿಜಾಬಾಯಿ ಇರುವ ಸೀಮೆ ಇದು. ಅದಕ್ಕೇ ಒಪ್ಪಿಗೆ ಹೇಳುವಾಗ ಗಂಡನ ಹೆಸರನ್ನೂ ಸೇರಿಸಿ ತಮ್ಮ ಬಾಯಿಂದಲೇ ಹೇಳಬೇಕೆಂಬುದು ಸಂಸ್ಥೆಯ ನಿಯಮ. ಹನ್ನೊಂದು ಹೆಂಗಸರು ಗಂಡನ ಹೆಸರಿನ ಹತ್ತಿರ ಬಂದು ತುಟಿ ಹೊಲಿದುಕೊಂಡರು. ಮನೀಷಾ ಪಟ್ಟಿಯಲ್ಲಿ 'ಒಪ್ಪಲಿಲ್ಲ' ಎಂದು ಬರೆದಳು. ಇಂದು ಸರಿಯಾಗದಿದ್ದರೆ ಅಷ್ಟೂ ಕಥೆ ಅಳಿಸಬೇಕು.

"ಒಪ್ಪಲಿಲ್ಲ ಅಂತ ಬರದಾಳ ನೋಡ್ರಿ ಈ ಶಾಣ್ಯಾಕಿ! ನಿಮ್ಮ ಅಜ್ಜಿ ಎಂದಾರ ಗಂಡನ ಹೆಸರ ಹಿಡದು ಕರದಾಳೇನ? ಮೊಬೈಲ್ ಕೈಗೆ ಬಂದಕೂಡ್ಲೆ ಊರ ರೀತಿ ಮರತು ಸಾಹೇಬ ಆದಿ" ಎಂದು ಯಶೋದಾಬಾಯಿ ಅವಳ ಕಿವಿ ಹಿಂಡುತ್ತಾರೆ. ಮನೀಷಾ ನಾಲಿಗೆ ಕಚ್ಚಿಕೊಳ್ಳುತ್ತಾಳೆ.

ಚಹಾ ಮುಗಿಯಿತು. ಯಶೋದಾಬಾಯಿ ಅರವತ್ತು ದಾಟಿದ ಗಿರಿಜಾಬಾಯಿಯತ್ತ ತಿರುಗುತ್ತಾರೆ. "ಅವ್ವಾ, ಬರೇ ಹೆಸರ ಬ್ಯಾಡ. ಲಗ್ನದಾಗ ನಾದ್ನಿ ಬಾಗಲಾ ಅಡ್ಡ ಹಿಡದಾಗ ಹೇಳಿದ್ದಿಯಲ್ಲ, ಹಂಗ ಪ್ರಾಸ ಕಟ್ಟಿ ಒಡಪು ಹಾಕಿ ಹೇಳು."

ಅಷ್ಟು ಸಾಕಿತ್ತು. ಗಿರಿಜಾಬಾಯಿ ಸೆರಗು ಸರಿಮಾಡಿಕೊಂಡು ಶುರುಮಾಡುತ್ತಾರೆ:

"ಜ್ವಾಳದ ತೆನಿ ಮ್ಯಾಲ ಗುಬ್ಬಿ ಹಿಂಡ್ರಿ, ನಾಚಿಗಿ ಬಿಟ್ಟು ಹೇಳತೀನಿ, ನಮ್ಮವರ ಹೆಸರ ಪಂಡ್ರಿ!"

ಹೊಲವೆಲ್ಲ ಹೋ ಎನ್ನುತ್ತದೆ. ಆಮೇಲೆ ನಾ ಮುಂದು, ತಾ ಮುಂದು. ಒಬ್ಬರ ಒಡಪಿಗಿಂತ ಇನ್ನೊಬ್ಬರದು ಜೋರು. ಮನೀಷಾ ಪ್ರತಿಯೊಬ್ಬರಿಗೂ ಕಥೆ ಮತ್ತೊಮ್ಮೆ ತೋರಿಸಿ, ನಾಳೆ ಯಾರ ಮುಂದೆ ಹಾಕುತ್ತೇವೆಂದು ತಿಳಿಸಿ, ಒಪ್ಪಿಗೆ ಕೇಳುತ್ತಾಳೆ. ಎಂಟು ಗಂಟೆಯೊಳಗೆ ಹನ್ನೊಂದೂ ಕಥೆ ಉಳಿದವು.

ಈಗ ಮನೀಷಾಳ ಸರದಿ. "ಬಾಯಿ, ನಿಮ್ಮ ಕಥಿ ನಮ್ಮ ಪಟ್ಟಿಯಾಗ ಇಲ್ಲಲ್ರಿ?"

"ನಂದ್ಯಾಕ? ಹಳೀ ಸುದ್ದಿ ಅದು."

"ಅರವತ್ತಮೂರ ಮಂದಿಗೆ ಬಾಯಿ ಬಿಡ್ರಿ ಅಂತ ಕಲಿಸೀರಿ. ನೀವ ಯಾಕ ಬಾಯಿ ಮುಚ್ಚೀರಿ?"

ಯಶೋದಾಬಾಯಿ ಚಹಾದ ಲೋಟ ಕೂಡಿಸಲು ಬಗ್ಗುತ್ತಾರೆ. ಹೆಂಗಸರು ಅವರ ಕೈ ಹಿಡಿದು ಬದುವಿನ ಮೇಲೆ ಕೂರಿಸುತ್ತಾರೆ. ಆಟೊಗೆ ಒರಗಿ ನಿಂತಿದ್ದ ನಾಗನಾಥ ತಾವು ಕೇಳುತ್ತಲೇ ಇಲ್ಲವೆಂಬಂತೆ ಕನ್ನಡಿ ಒರೆಸತೊಡಗುತ್ತಾರೆ. ಯಶೋದಾಬಾಯಿ ಒಮ್ಮೆ ಅತ್ತ ನೋಡಿ, ಮುಖ ಕೆಂಪಗೆ ಮಾಡಿಕೊಂಡು ಹೇಳಿಯೇಬಿಡುತ್ತಾರೆ:

"ಮೂವತ್ತ ವರ್ಷ ಬಿಟ್ಟಿಲ್ಲ ಸಾಥ, ಆಟೊ ಹೊಡಿಯವ್ರು ನಮ್ಮ ನಾಗನಾಥ!"

"ಇನ್ನೊಮ್ಮೆ ಹೇಳಸವಾ, ಮೊಬೈಲ್ ಸರಿ ಹಿಡದಿದ್ದಿಲ್ಲ ಅನಸ್ತದ" ಎನ್ನುತ್ತಾರೆ ನಾಗನಾಥ.

"ಸುಮ್ಮ ಇರ್ರಿ, ಒಮ್ಮೆ ಹೇಳಿದ್ದೇ ಭಾಳ ಆಯ್ತು!"

ನಗು ಇಳಿಯುವತನಕ ಯಶೋದಾಬಾಯಿ ಕಾಯುತ್ತಾರೆ. ಆಮೇಲೆ ಬೆನ್ನು ನೆಟ್ಟಗೆ ಮಾಡಿ, ಮೊಬೈಲನ್ನೇ ನೋಡುತ್ತ ಹೇಳುತ್ತಾರೆ:

"ಬರಕೋ ಮನೀಷಾ. ಆವತ್ತ ನಾ ಆರಾಮ ಇದ್ದಿದ್ದಿಲ್ಲ."